ಜಮಖಂಡಿಯ ಹಳದಿ

ಜನವರಿ 13, 2024, ಶನಿವಾರ. ಲಾಸ್ ಏಂಜಲೀಸ್

ನಿಯಾನ್ ದೀಪ ಮಾಡುವ ತರಗತಿಯಲ್ಲಿ ಇವತ್ತೂ ನಾಲ್ಕು ಕೊಳವೆ ಹಾಳಾದವು. ಗಾಜಿನ ಕೊಳವೆಯ ಒಂದು ತುದಿಗೆ ಬಿರಡೆ, ಇನ್ನೊಂದಕ್ಕೆ ರಬ್ಬರ್ ನಳಿಗೆ, ಆ ನಳಿಗೆಯ ಕೊನೆ ನನ್ನ ಹಲ್ಲುಗಳ ನಡುವೆ. ಬರ್ನರಿನ ಉರಿಯಲ್ಲಿ ತಿರುಗಿಸುತ್ತಲೇ ಇರಬೇಕು. ಮೆತ್ತಗಾದ ಕೂಡಲೇ ಹೊರತೆಗೆದು, ನಕ್ಷೆಯ ಮೇಲೆ ಬಗ್ಗಿಸಿ, ಮೆಲ್ಲಗೆ ಊದಬೇಕು. ಊದದಿದ್ದರೆ ತಿರುವು ಚಪ್ಪಟೆಯಾಗುತ್ತದೆ, ಜೋರಾದರೆ ಉಬ್ಬುತ್ತದೆ. ಎರಡನ್ನೂ ಮಾಡಿದೆ.

ಕಲಿಸುವವರನ್ನು ಇಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ. ನನ್ನ ಮಟ್ಟಿಗೆ ಅವರು ಮಾಸ್ತರರು. ಅವರು ಹೇಳಿದ್ದು ಇಷ್ಟೇ: ಗಾಜು ನೋಡಬೇಡ, ಉರಿ ನೋಡು. ಉರಿ ಹಳದಿಗೆ ತಿರುಗಿತೆಂದರೆ ಗಾಜು ಕಾದಿದೆ. ಗಾಜಿನೊಳಗಿನ ಸೋಡಿಯಂ ಕೊಡುವ ಬಣ್ಣ ಅದು.

ಜನವರಿ 27

ಗ್ಲೆಂಡೇಲಿನ ನಿಯಾನ್ ಕಲಾ ಸಂಗ್ರಹಾಲಯಕ್ಕೆ ಹೋಗಿದ್ದೆ. ಲಿಲಿ ಲಾಕಿಚ್ ಮತ್ತು ರಿಚರ್ಡ್ ಜೆಂಕಿನ್ಸ್ 1981ರಲ್ಲಿ ಕಟ್ಟಿದ ಸಂಸ್ಥೆ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಲೋಡ್ ನಿಯಾನ್ ದೀಪ ತೋರಿಸಿದ ಮೇಲೆ ಈ ಬೆಳಕೆಲ್ಲ ಅಂಗಡಿ ಫಲಕಗಳ ಪಾಲಾಯಿತು. ಗಾಜು ಬಗ್ಗಿಸಿದವರ ಹೆಸರು ಯಾರೂ ಬರೆದಿಡಲಿಲ್ಲ. ಹಳೆಯ ಫಲಕಗಳ ಮುಂದೆ ನಿಂತಾಗ ಅದೇ ಸಂಕಟ. ಒಂದೊಂದು ತಿರುವಿನಲ್ಲೂ ಯಾರದೋ ಉಸಿರಿದೆ.

ನಿಜವಾದ ನಿಯಾನ್ ಕೆಂಪು ಮಾತ್ರ. ನೀಲಿ ಬೇಕಾದರೆ ಆರ್ಗಾನ್ ಮತ್ತು ಒಂದು ಹನಿ ಪಾದರಸ. ನನಗೆ ಎರಡೂ ಬೇಡ, ಹೀಲಿಯಂ ಬೇಕು. ಮಾಸ್ತರರು ಹುಬ್ಬೇರಿಸಿದರು: ಬೆಳಕು ಮಂದ, ಕೊಳವೆ ಬಿಸಿಯಾಗುತ್ತದೆ, ವೋಲ್ಟೇಜ್ ಹೆಚ್ಚು ಬೇಕು. ಆದರೂ ಒಪ್ಪಿದರು.

ಫೆಬ್ರವರಿ 10

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಊರು ಜಮಖಂಡಿಯಲ್ಲಿ ಆಗ ಭಾನುವಾರದ ಬೆಳಗು. ದುಂಡಗಿನ ಕೊಳವೆ ಮಾಡುತ್ತಿದ್ದೇನೆ ಎಂದೆ.

“ಬಳಿ ಇದ್ದಂಗ ಐತೇನವಾ?”

“ಹೂಂ ಅಪ್ಪಾ, ಗ್ರಹಣದ ಬಳಿ.”

1868ರ ಆಗಸ್ಟ್ 18ರ ಕಥೆ ಹೇಳಿದೆ. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಜಮಖಂಡಿಯ ಮೇಲೆ ಹಾದುಹೋಯಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡ ವಿಲಿಯಂ ಹರ್ಷೆಲರ ಮೊಮ್ಮಗ, ನಮ್ಮೂರಿನಲ್ಲಿ ಬೆಳಕಿನ ಬಣ್ಣ ಬಿಡಿಸುವ ರೋಹಿತದರ್ಶಕ ಹೂಡಿಕೊಂಡು ನಿಂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಮೂರು ಗೆರೆ ಕಂಡರು: ಕೆಂಪು, ಕಿತ್ತಳೆ, ನೀಲಿ. ನಡುವಿನದು ಸೋಡಿಯಂ ಎಂದುಕೊಂಡರು. ಅದು ಹೀಲಿಯಂ. ಭೂಮಿಯ ಮೇಲೆ ರಸಾಯನವಿಜ್ಞಾನಿ ರಾಮ್ಸೆಗೆ ಅದು ಸಿಕ್ಕಿದ್ದು 1895ರಲ್ಲಿ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮೂರಾಗ?” ಎಂದರು. ಎಪ್ಪತ್ತು ವರ್ಷ ಅಲ್ಲೇ ಇದ್ದವರಿಗೆ ಯಾರೂ ಹೇಳಿರಲಿಲ್ಲ. ಗುಂಟೂರಿನಲ್ಲಿ ಅದೇ ಗ್ರಹಣ ನೋಡಿದ ಖಗೋಳವಿಜ್ಞಾನಿ ಜಾನ್ಸೆನ್ ಹೆಸರು ಪುಸ್ತಕಗಳಲ್ಲಿದೆ; ಜಮಖಂಡಿಯದೂ ಇರಬೇಕಿತ್ತು.

ಮಾರ್ಚ್ 2

ಏಳನೆಯ ಬಳೆ ಒಡೆಯದೆ ಉಳಿಯಿತು. ಎರಡು ತುದಿಗೂ ಎಲೆಕ್ಟ್ರೋಡ್ ಬೆಸೆದು ಪಂಪಿಗೆ ಸೇರಿಸಿದೆವು. ಗಾಳಿ ಎಳೆಯುತ್ತಾ ಭಾರೀ ವಿದ್ಯುತ್ ಹರಿಸಿ, ಒಳಗಿನ ಕೊಳೆ ಬಿಡುವ ತನಕ ಗಾಜನ್ನು ಕಾಯಿಸುತ್ತಾರೆ. ಮೇಲಿಟ್ಟ ಕಾಗದದ ಚೂರು ಕಂದಿತು. ಆಗ ಎಲ್ಲರೂ ದೂರ. ತಣಿದ ಮೇಲೆ ಹೀಲಿಯಂ, ಕೆಲವೇ ಮಿಲಿಮೀಟರ್ ಪಾದರಸದ ಒತ್ತಡದಷ್ಟು. ಪಂಪಿಗೆ ಜೋಡಿಸಿದ್ದ ಸಣ್ಣ ಗಾಜಿನ ನಳಿಗೆಯನ್ನು ಟಾರ್ಚಿನಿಂದ ಕರಗಿಸಿ ಮುಚ್ಚಿದರು.

ಕಪ್ಪು ಹಲಗೆಯ ಮೇಲೆ ಅದು ಉರಿಯಿತು. ನಸುಗೆಂಪು ಬೆರೆತ ಬಿಳುಪು, ತೀರಾ ಸೌಮ್ಯ. ಬಣ್ಣ ಬಿಡಿಸಿ ತೋರಿಸುವ ಗ್ರೇಟಿಂಗ್ ಹಾಳೆಯನ್ನು ಕಣ್ಣಿಗೆ ಹಿಡಿದೆ. ಒಂದೇ ಬಳೆ ಪಕ್ಕಪಕ್ಕದಲ್ಲಿ ಹಲವು ಬಳೆಗಳಾಯಿತು: ಕೆಂಪು, ಹಳದಿ, ಹಸಿರು, ನೀಲಿ. ಎಲ್ಲಕ್ಕಿಂತ ಪ್ರಖರ ಹಳದಿ. ಸುಮಾರು ನೂರೈವತ್ತಾರು ವರ್ಷದ ಹಿಂದೆ ಊರ ಮುಗಿಲಿನಲ್ಲಿ ಹರ್ಷೆಲರಿಗೆ ಕಿತ್ತಳೆಯಾಗಿ ಕಂಡದ್ದು ಇದೇ. ಕಣ್ಣು ತುಂಬಿ ಬಂತು.

ಆ ಹೊತ್ತಿಗೇ ಪಕ್ಕದ ಮೇಜಿನಲ್ಲಿ ಯಾರೋ ಗಾಜು ಕಾಯಿಸುತ್ತಿದ್ದರು, ಉರಿ ಹಳದಿಯಾಗಿತ್ತು. ಹಾಳೆಯನ್ನು ಅತ್ತ ತಿರುಗಿಸಿದೆ, ಮತ್ತೆ ಇತ್ತ. ಹೀಲಿಯಂ 587.6 ನ್ಯಾನೊಮೀಟರ್, ಸೋಡಿಯಂ 589. ಎರಡು ಹಳದಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಹರ್ಷೆಲರ ಕಣ್ಣು ತಪ್ಪಿರಲಿಲ್ಲ.