ವರ್ಷಕ್ಕೊಂದೇ ದಿನ ಲಂಡನ್ನಿಗೆ ಬರುವ ಕರಿ ಟ್ಯಾಕ್ಸಿ!

ಒಂದು ಪ್ರಶ್ನೆ. ಲಂಡನ್ ತೋರಿಸುವ ಸಿನಿಮಾ ಯಾವುದೇ ಇರಲಿ, ಹಿಂದಿಯದೋ ಇಂಗ್ಲಿಷಿನದೋ, ಮೊದಲ ಶಾಟ್‌ನಲ್ಲಿ ಏನಿರುತ್ತೆ ಹೇಳಿ? ಬಿಗ್ ಬೆನ್ ಗಡಿಯಾರ, ಕೆಂಪು ಡಬಲ್ ಡೆಕ್ಕರ್ ಬಸ್ಸು, ಪಕ್ಕದಲ್ಲೇ ಗುಂಡಗುಂಡಗಿನ ಒಂದು ಕರಿ ಟ್ಯಾಕ್ಸಿ! ಹೀರೋಗಳು ಬಂದರು, ಹೋದರು. ಹೀರೋಯಿನ್‌ಗಳು ಬಂದರು, ಹೋದರು. ಈ ಟ್ಯಾಕ್ಸಿ ಮಾತ್ರ ಅದೇ ವೇಷ, ಅದೇ ಮುಖ ಇಟ್ಟುಕೊಂಡು ವರ್ಷಾನುಗಟ್ಟಲೆ ದುಡಿಯಿತು. ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ, ಸಂಭಾವನೆಯೂ ಇಲ್ಲ!

ಇಂಥ ಕಲಾವಿದ ರಿಟೈರ್ ಆದ ಮೇಲೆ ಎಲ್ಲಿರ್ತಾನೆ? ಹೇಗಿರ್ತಾನೆ? ಹೋದ ಡಿಸೆಂಬರ್‌ನಲ್ಲಿ ನಾನು ಕಣ್ಣಾರೆ ನೋಡಿ ಬಂದೆ.

ಲಂಡನ್ನಿನ ಈಶಾನ್ಯಕ್ಕೆ ಎಪ್ಪಿಂಗ್ ಅಂತ ಒಂದು ಪುಟ್ಟ ಊರು. ನೆಲದಡಿ ಓಡುವ ರೈಲಿನ ಸೆಂಟ್ರಲ್ ಲೈನ್ ಅಲ್ಲಿಗೆ ಮುಗಿಯುತ್ತೆ. ಅಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಉಳಿದಿದ್ದೆ. ಕ್ರಿಸ್‌ಮಸ್ ದಿನ ಲಂಡನ್ ನೋಡೋಣ ಅಂತ ಎದ್ದು ಕೂತರೆ ಗೆಳೆಯ ಬಿದ್ದು ಬಿದ್ದು ನಕ್ಕ. "ಲೋ, ಡಿಸೆಂಬರ್ 25ಕ್ಕೆ ಲಂಡನ್ನಿನಲ್ಲಿ ರೈಲೂ ಇಲ್ಲ, ಬಸ್ಸೂ ಇಲ್ಲ ಕಣೋ! ಇರು, ಪಕ್ಕದ್ಮನೆ ತಾತನ್ನ ಕೇಳ್ತೀನಿ. ಇವತ್ತು ಅವರು ಹೋಗೇ ಹೋಗ್ತಾರೆ."

ಹೊರಗೆ ಬಂದರೆ... ಅಬ್ಬಾ! ಸಿನಿಮಾದಲ್ಲಿ ನೋಡಿದ್ದ ಅದೇ ಮುಖ, ಅದೇ ಎರಡು ದುಂಡು ಕಣ್ಣು. ತಾತ ಕೈಯಲ್ಲಿ ಬಟ್ಟೆ ಹಿಡಿದು ಬಾನೆಟ್ ಒರೆಸ್ತಾ ಇದ್ದರು. ವಯಸ್ಸು 74. ನನ್ನನ್ನು ನೋಡಿ "ಹತ್ತಿ ಗವ್ನರ್" ಅಂದರು. ಲಂಡನ್ ಟ್ಯಾಕ್ಸಿಯವರ ಬಾಯಲ್ಲಿ ಅದು ನಮ್ಮ 'ಯಜಮಾನ್ರೇ' ಇದ್ದ ಹಾಗೆ.

ಈ ಗಾಡಿಯ ಕುಲಗೋತ್ರ ಸ್ವಲ್ಪ ಹೇಳಿಬಿಡ್ತೀನಿ. ಆಸ್ಟಿನ್ ಎಫ್‌ಎಕ್ಸ್ 4 ಅಂತ ಇದರ ಮೂಲ ಹೆಸರು. 1958ರಲ್ಲಿ ರಸ್ತೆಗೆ ಬಂತು. ಕೊವೆಂಟ್ರಿ ಊರಿನ ಕಾರ್‌ಬಾಡೀಸ್ ಕಾರ್ಖಾನೆಯಲ್ಲಿ ತಯಾರಾಗ್ತಿತ್ತು. ಇಂಜಿನ್ ಬದಲಾಯಿತು, ಬ್ರೇಕ್ ಬದಲಾಯಿತು, ಮುಖ ಮಾತ್ರ 1997ರವರೆಗೂ ಹೆಚ್ಚುಕಮ್ಮಿ ಅದೇ! ನಮ್ಮ ಅಂಬಾಸಡರ್‌ಗೂ ಇದಕ್ಕೂ ದೂರದ ನೆಂಟಸ್ತಿಕೆ ಉಂಟು. ಅಂಬಾಸಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಆ ಮಾರಿಸ್ ಕಂಪನಿಯೂ ಈ ಆಸ್ಟಿನ್ ಕಂಪನಿಯೂ 1952ರಲ್ಲಿ ಒಂದೇ ಮನೆಯಾದವು. ನೋಡಿದ ಕೂಡಲೇ ಊರಿನವರನ್ನು ಕಂಡಹಾಗಾಗಿದ್ದು ಸುಮ್ಮನೆ ಅಲ್ಲ ಸ್ವಾಮಿ!

ತಾತನ ಗಾಡಿ 1994ರದು. 1989ರಿಂದ ಬಂದ 'ಫೇರ್‌ವೇ' ಮಾದರಿ, ಒಳಗೆ ನಿಸಾನ್ ಕಂಪನಿಯ 2.7 ಲೀಟರ್ ಡೀಸೆಲ್ ಇಂಜಿನ್. ಕೀಲಿ ತಿರುವಿದರೆ ಟ್ರ್ಯಾಕ್ಟರಿನ ತಮ್ಮನ ಹಾಗೆ ಟಕಟಕ ಅಂತ ಮಾತಿಗೆ ಶುರು. ಡ್ರೈವರ್ ಪಕ್ಕ ಸೀಟೇ ಇಲ್ಲ, ಅದು ಸಾಮಾನು ಇಡುವ ಜಾಗ. ಹಿಂದೆ ಐದು ಜನ ಆರಾಮಾಗಿ ಕೂರಬಹುದು. ಮೂವರಿಗೆ ಸೋಫಾ, ಇಬ್ಬರಿಗೆ ಎದುರು ಮಡಚುವ ಸೀಟು. ಗಾಲಿಕುರ್ಚಿಯನ್ನೂ ಒಳಗೆ ತಳ್ಳಬಹುದು.

"ದಿನಾ ಇದನ್ನೇ ಓಡಿಸ್ತೀರಾ ತಾತ?"

"ಮತ್ತೇನು, ಪೂಜೆ ಮಾಡ್ಲಾ? ಅಂಗಡಿಗೆ ಇದೇ, ಚರ್ಚಿಗೆ ಇದೇ, ಮೊಮ್ಮಗಳನ್ನ ಸ್ಕೂಲಿಗೆ ಬಿಡೋಕೂ ಇದೇ. ಸೀಟಿಲ್ಲದ ಜಾಗದಲ್ಲಿ ಒಂದು ಮೂಟೆ ಆಲೂಗಡ್ಡೆ ಹಿಡಿಸುತ್ತೆ. ಇಂಜಿನ್ ಗಟ್ಟಿ, ಸಾಯಲ್ಲ. ಮೈಗೆ ಮಾತ್ರ ತುಕ್ಕಿನ ಕಾಟ. ಪ್ರತಿ ಚಳಿಗಾಲ ಮುಗಿದ ಮೇಲೆ ಅಡಿಗೆ ಮಲಗಿ ತುಕ್ಕು ಕೆರೆಯೋದೇ ನನ್ನ ವ್ಯಾಯಾಮ!"

ರಿಟೈರ್ ಆದ ಟ್ಯಾಕ್ಸಿಯನ್ನು ಮನೆಯ ಕಾರು ಮಾಡಿಕೊಂಡವರಲ್ಲಿ ದೊಡ್ಡವರೂ ಇದ್ದಾರೆ. ನಟ ಸ್ಟೀಫನ್ ಫ್ರೈ ಹೆಚ್ಚಾಗಿ ಕರಿ ಟ್ಯಾಕ್ಸಿಯಲ್ಲೇ ಅಮೆರಿಕದ ರಾಜ್ಯಗಳನ್ನೆಲ್ಲ ಸುತ್ತಿದ್ದು 2008ರಲ್ಲಿ ಟಿವಿ ಸರಣಿಯಾಗಿ ಬಂತು. ರಾಣಿ ಎಲಿಜಬೆತ್ತರ ಗಂಡ ಪ್ರಿನ್ಸ್ ಫಿಲಿಪ್ ಕೂಡ ಜನರಿಗೆ ಗುರುತು ಸಿಗದ ಹಾಗೆ ಓಡಾಡಲು ಮೆಟ್ರೋಕ್ಯಾಬ್ ಎಂಬ ಇನ್ನೊಂದು ಜಾತಿಯ ಟ್ಯಾಕ್ಸಿ ಇಟ್ಟುಕೊಂಡಿದ್ದರು. ಲಂಡನ್ನಿನಲ್ಲಿ ಬಚ್ಚಿಟ್ಟುಕೊಳ್ಳೋಕೆ ಇದಕ್ಕಿಂತ ಒಳ್ಳೆ ವೇಷ ಯಾವುದಿದೆ ಹೇಳಿ!

ಎಪ್ಪಿಂಗ್ ಕಾಡು ದಾಟಿತು. ವುಡ್‌ಫರ್ಡ್ ಹತ್ತಿರ ರಸ್ತೆ ಬದಿಯಲ್ಲಿ ಒಂದು ಹಸಿರು ಬೋರ್ಡು, ಮೇಲೆ ಕ್ಯಾಮೆರಾ. ತಾತ ಗಾಡಿ ನಿಧಾನ ಮಾಡಿ ಆ ಕ್ಯಾಮೆರಾಕ್ಕೆ ಒಂದು ಸಲಾಮು ಹೊಡೆದರು! ನನಗೆ ಅರ್ಥವಾಗಲಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ಹೊಗೆ ಹೆಚ್ಚು ಬಿಡುವ ಹಳೆ ಗಾಡಿಗಳಿಗೆ ಲಂಡನ್ ಸುಂಕ ಹಾಕಿದೆ. 'ಯೂಲೆಜ್' ಅಂತ ಅದರ ಹೆಸರು. 2019ರಲ್ಲಿ ನಡುಪೇಟೆಗೆ ಬಂತು, 2021ರಲ್ಲಿ ಅಗಲವಾಯಿತು, 2023ರ ಆಗಸ್ಟ್‌ನಿಂದ ಇಡೀ ಲಂಡನ್ನಿಗೆ ಹರಡಿತು. ಗಡಿ ದಾಟಿದರೆ ದಿನಕ್ಕೆ ಹನ್ನೆರಡೂವರೆ ಪೌಂಡ್! ಅದಕ್ಕೂ ಮೊದಲೇ, 2012ರಲ್ಲಿ, 15 ವರ್ಷ ದಾಟಿದ ಟ್ಯಾಕ್ಸಿಗಳಿಗೆ ಲೈಸೆನ್ಸ್ ಇಲ್ಲ ಅಂತಾಗಿತ್ತು. ತಾತನ ಗಾಡಿ ಬಾಡಿಗೆ ಬಿಟ್ಟಿದ್ದು ಆಗಲೇ. ಹಿಂಬದಿಯ ಲೈಸೆನ್ಸ್ ಪ್ಲೇಟ್ ಬಿಚ್ಚಿ ವಾಪಸ್ ಕೊಟ್ಟರಂತೆ. ಗಾಡಿಯನ್ನು ಮಾತ್ರ ಕೊಡಲಿಲ್ಲ.

"18 ವರ್ಷ ಇದೇ ಊರಲ್ಲಿ ದುಡಿದ ಗಾಡಿ ಗವ್ನರ್. ಈಗ ಊರೊಳಗೆ ಕಾಲಿಡೋಕೆ ದಿನಾ ದುಡ್ಡು ಕಟ್ಟಬೇಕು. ಪಿಂಚಣಿಯವನು ಎಲ್ಲಿಂದ ತರ್ಲಿ? ಆದ್ರೆ ವರ್ಷಕ್ಕೊಂದು ದಿನ ಸುಂಕ ಇಲ್ಲ. ಯಾವತ್ತು ಗೊತ್ತಾ? ಇವತ್ತು, ಕ್ರಿಸ್‌ಮಸ್!"

ಕೋಪವಿಲ್ಲವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊಮ್ಮಗಳಿಗೆ ಉಬ್ಬಸ. ಬ್ಯಾಗಲ್ಲಿ ಇನ್‌ಹೇಲರ್ ಇಟ್ಕೊಂಡೇ ಸ್ಕೂಲಿಗೆ ಹೋಗ್ತಾಳೆ. ಗಾಳಿ ಚೊಕ್ಕ ಆಗ್ಬೇಕು ಅನ್ನೋರ ಮೇಲೆ ಯಾವ ಮುಖ ಇಟ್ಕೊಂಡು ಕೋಪ ಮಾಡ್ಕೊಳ್ಳಲಿ?"

ಗಾಡಿಯಲ್ಲಿ ನಾನೊಬ್ಬನೇ ಇರಲಿಲ್ಲ. ಅದೇ ಬೀದಿಯ ನರ್ಸಮ್ಮ ಒಬ್ಬರು ಜೊತೆಗಿದ್ದರು. ವೈಟ್‌ಚಾಪೆಲ್‌ನ ಆಸ್ಪತ್ರೆಯಲ್ಲಿ ಅವರಿಗೆ ಡ್ಯೂಟಿ. ರೈಲಿಲ್ಲದ ದಿನ ಹೇಗೆ ಹೋಗೋದು? ಪ್ರತಿ ಕ್ರಿಸ್‌ಮಸ್ಸಿಗೂ ತಾತನೇ ಬಿಡ್ತಾರಂತೆ. ಇಳಿಯುವಾಗ ಅವರು ತಾತನ ಕೈಗೊಂದು ಕೇಕಿನ ಡಬ್ಬಿ ಕೊಟ್ಟರು. ಬಾಡಿಗೆ? ಒಂದು ಪೆನ್ನಿಯೂ ಇಲ್ಲ!

ಅಲ್ಲಿಂದ ಮುಂದೆ ಒಂದು ತಮಾಷೆ, ಒಂದು ಸಂಕಟ. ಬಿಕೋ ಅನ್ನುವ ರಸ್ತೆಯಲ್ಲಿ ಕರಿ ಟ್ಯಾಕ್ಸಿ ಕಂಡ ಕೂಡಲೇ ಜನ ಕೈ ಎತ್ತುತ್ತಾರೆ. ನೆತ್ತಿಯ ಮೇಲಿನ ಟ್ಯಾಕ್ಸಿ ದೀಪಕ್ಕೆ ತಾತ ಕರಿ ಟೇಪು ಸುತ್ತಿದ್ದಾರೆ, ಆದರೂ ಎತ್ತುತ್ತಾರೆ. ಒಬ್ಬೊಬ್ಬರಿಗೂ ತಲೆ ಅಲ್ಲಾಡಿಸಿ, ಕೈ ಮುಗಿದ ಹಾಗೆ ಮಾಡಿ ಮುಂದೆ ಸಾಗಬೇಕು. ಲೈಸೆನ್ಸ್ ಇಲ್ಲದೆ ಬಾಡಿಗೆ ಹತ್ತಿಸಿದರೆ ಅಪರಾಧ. "ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತೆ ಗವ್ನರ್" ಅಂದರು. ಮಾರ್ಕೆಟ್ ಇಲ್ಲದ ನಟನ ಮನೆ ಮುಂದೆ ಅಭಿಮಾನಿಗಳು ನಿಂತ ಹಾಗೆ ಕಂಡಿತು ನನಗೆ.

ಲಂಡನ್ ಟ್ಯಾಕ್ಸಿ ಡ್ರೈವರ್ ಆಗೋದು ಸುಲಭದ ಮಾತಲ್ಲ. 1865ರಿಂದ 'ನಾಲೆಡ್ಜ್' ಅಂತ ಒಂದು ಪರೀಕ್ಷೆ ಇದೆ. ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಪಾಠ ಆಗಬೇಕು. 320 ದಾರಿಗಳ ಪಟ್ಟಿ. ಕಲಿಯೋಕೆ ಮೂರು ನಾಲ್ಕು ವರ್ಷ. ಇವರ ಮಿದುಳಿನಲ್ಲಿ ದಾರಿ ನೆನಪಿಡುವ ಒಂದು ಭಾಗ ಬೇರೆಯವರಿಗಿಂತ ದೊಡ್ಡದು ಅಂತ 2000ರಲ್ಲಿ ಲಂಡನ್ನಿನ ವಿಜ್ಞಾನಿಗಳೇ ಸ್ಕ್ಯಾನ್ ಮಾಡಿ ತೋರಿಸಿದರು! "ಮೊದಲನೇ ದಾರಿ ನೆನಪಿದೆಯಾ?" ಅಂದೆ. "ಮ್ಯಾನರ್ ಹೌಸ್ ಸ್ಟೇಷನ್ನಿಂದ ಗಿಬ್ಸನ್ ಸ್ಕ್ವೇರ್" ಅಂತ ಶುರು ಮಾಡಿದವರು, ಎಡ ಬಲ ಎಲ್ಲ ಸೇರಿಸಿ ನಮ್ಮ ಅಜ್ಜಿ ವಿಷ್ಣು ಸಹಸ್ರನಾಮ ಹೇಳಿದ ಹಾಗೆ ಹೇಳಿಬಿಟ್ಟರು.

ಸ್ಟ್ರ್ಯಾಂಡ್ ರಸ್ತೆಗೆ ಬಂದೆವು. ಸವಾಯ್ ಹೋಟೆಲಿನ ಮುಂದಿನ ಸಣ್ಣ ಬೀದಿಯಲ್ಲಿ ಗಾಡಿಗಳು ಬಲಕ್ಕೆ ಹೋಗಬೇಕು. ಇಡೀ ಇಂಗ್ಲೆಂಡ್ ಎಡಕ್ಕೆ ಹೋದರೆ ಇಲ್ಲಿ ಮಾತ್ರ ಉಲ್ಟಾ! ಲಂಡನ್ ಟ್ಯಾಕ್ಸಿ 25 ಅಡಿ ಜಾಗದೊಳಗೆ ಪೂರ್ತಿ ತಿರುಗಬೇಕು ಅಂತ ಕಾನೂನೇ ಇದೆ. ತಾತ ಒಂದೇ ಏಟಿಗೆ ಸ್ಟೀರಿಂಗ್ ಸುತ್ತಿದರು. 30 ವರ್ಷದ ಮುದಿ ಗಾಡಿ ಬುಗುರಿಯ ಹಾಗೆ ತಿರುಗಿ ನಿಂತಿತು. ನಾನು ಸೀಟಿನಲ್ಲೇ ಕೂತು ಶಿಳ್ಳೆ ಹೊಡೆದೆ!

ಕೊನೆಗೆ ಟ್ರಫಾಲ್ಗರ್ ಚೌಕ. ನಾರ್ವೆ ದೇಶದವರು 1947ರಿಂದ ವರ್ಷವೂ ಕಳಿಸುವ ಕ್ರಿಸ್‌ಮಸ್ ಮರ ದೀಪ ಹಚ್ಚಿಕೊಂಡು ನಿಂತಿತ್ತು. ಪಕ್ಕದಲ್ಲಿ ಕುದುರೆ ಏರಿದ ಒಂದನೇ ಚಾರ್ಲ್ಸ್ ದೊರೆಯ ಪ್ರತಿಮೆ. ಲಂಡನ್ನಿನ ದೂರವನ್ನೆಲ್ಲ ಅಳೆಯೋದು ಅಲ್ಲಿಂದಲೇ. ತಾತ ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿದರು.

"40 ವರ್ಷ ದಾಟಿದ ಗಾಡಿಗೆ 'ಐತಿಹಾಸಿಕ' ಅಂತ ಹೆಸರು ಕೊಡ್ತಾರೆ. ಆಗ ಈ ಸುಂಕ ಇಲ್ಲ. ನನ್ನದಕ್ಕೆ ಅದು ಸಿಗೋದು 2035ಕ್ಕೆ" ಅಂದರು. ಲೆಕ್ಕ ಹಾಕಿದೆ. ಆಗ ತಾತನಿಗೆ 84 ಆಗಿರುತ್ತೆ. ಅವರೂ ಅದೇ ಲೆಕ್ಕ ಹಾಕಿದ್ದರು ಅಂತ ಕಾಣುತ್ತೆ, ನಕ್ಕರು. "ಯಾರು ಮೊದಲು ಕೆಡ್ತೀವೋ, ನಾನೋ ಅದೋ. ಕಾರು ಸಂಗ್ರಹಿಸೋ ಸಾಹೇಬರೊಬ್ಬರು ಒಳ್ಳೆ ರೇಟಿಗೇ ಕೇಳಿದರು. ಶೆಡ್ಡಿನಲ್ಲಿಟ್ಟು ಬಟ್ಟೆ ಹೊದಿಸ್ತೀನಿ ಅಂದರು. ಬೇಡ ಅಂದೆ. ಓಡದ ಗಾಡಿ ಬರೀ ಫೋಟೋ ಗವ್ನರ್."

ಮರುದಿನ ಬೆಳಗ್ಗೆ ಗೆಳೆಯನ ಮನೆಯ ಕಿಟಕಿಯಿಂದ ನೋಡಿದೆ. ಟಕಟಕ ಸದ್ದು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಹಾರಾಣಿಯ ಹಾಗೆ ಕೂತಿದ್ದಾಳೆ, ಮುಂದೆ ಸಾಮಾನಿನ ಜಾಗದಲ್ಲಿ ಎರಡು ಖಾಲಿ ಚೀಲ. ಬೀದಿಯ ತುದಿಯಲ್ಲಿ ಗಾಡಿ ಒಂದು ಕ್ಷಣ ನಿಂತಿತು. ಬಲಕ್ಕೆ ಹೋದರೆ ಲಂಡನ್, ಎಡಕ್ಕೆ ಹೋದರೆ ಎಪ್ಪಿಂಗ್ ಪೇಟೆ. ಎಡಗಡೆಯ ಸಿಗ್ನಲ್ ದೀಪ ಮಿನುಗಿತು. ಎಡಕ್ಕೆ ಹೊರಟೇಹೋಯಿತು.