ಮತ್ತೆ ಕೂಡಿದ ದನಿಗಳು

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವವನಿಗೆ ರಾಕ್ ಸಂಗೀತದ ಸಭೆಯಲ್ಲಿ ಏನು ಕೆಲಸ ಎಂದು ಸಹೃದಯರು ಕೇಳಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು ಆಡುತ್ತ ಬೆಳೆದ ಮುಂಬಯಿ ಕನ್ನಡಿಗರಿಗೆ ಮಾತ್ರ ಇದು ವಿಚಿತ್ರವೆನಿಸದು.

1984ರಲ್ಲಿ ಈ ನಗರದಲ್ಲಿ ಹುಟ್ಟಿದ ತಂಡ 'ರಾಕ್ ಮಷೀನ್'. ಪರದೇಶದವರ ಹಾಡುಗಳನ್ನು ಒಪ್ಪಿಸುವುದೇ ರೂಢಿಯಾಗಿದ್ದ ದಿನಗಳಲ್ಲಿ ಅವರು ಸ್ವಂತ ಹಾಡು ಕಟ್ಟಿ, 1988ರಲ್ಲಿ ತಮ್ಮ ಮೊದಲ ಸಂಪುಟವನ್ನು ಹೊರತಂದರು. ಧೋಬಿತಲಾವಿನ ರಂಗಭವನವೆಂಬ ಬಯಲು ರಂಗಮಂದಿರಕ್ಕೆ ನನ್ನೊಡನೆ ಬರುತ್ತಿದ್ದ ಗೆಳೆಯ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವನು. ಹಾಡಿನ ಇಂಗ್ಲಿಷು ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಲಯ ಪೂರ್ತಿ ತಿಳಿಯುತ್ತಿತ್ತು. ಗಾಯಕನ ಹೆಸರು ಉದಯ ಬೆನೆಗಲ್ ಎಂದು ಕೇಳಿದೊಡನೆ, "ಬೆನೆಗಲ್ ನಮ್ಮ ಉಡುಪಿ ಕಡೆಯ ಊರಲ್ವಾ ಮಾರಾಯ!" ಎಂದು ಹಿಗ್ಗಿದ್ದ.

1993ರಲ್ಲಿ ತಂಡ 'ಇಂಡಸ್ ಕ್ರೀಡ್' ಎಂದು ಹೆಸರು ಬದಲಿಸಿ ಸಿಂಧೂ ನದಿಯನ್ನು ತನ್ನದಾಗಿಸಿಕೊಂಡಿತು, 1997ರಲ್ಲಿ ಚದುರಿತು. ನಾವೂ ಚದುರಿದೆವು. ಗೆಳೆಯ ಡೊಂಬಿವಲಿಗೆ, ನಾನು ತಾಳೆಗರಿಗಳಿಗೆ.

2010ರಲ್ಲಿ ಅವರು ಮತ್ತೆ ಕೂಡಿದರು. 2012ರಲ್ಲಿ 'ಇವಾಲ್ವ್' ಎಂಬ ಹೊಸ ಸಂಪುಟ ಬಂದ ಮೇಲೆ, ಲೋವರ್ ಪರೇಲಿನ ಹಳೆಯ ಗಿರಣಿಯ ಆವರಣದಲ್ಲಿ ಅವರನ್ನು ಕೇಳಲು ನಾವಿಬ್ಬರೂ ಹೋದೆವು. ಉದಯ ಬೆನೆಗಲ್, ಮಹೇಶ ತಿನೈಕರ್, ಜುಬಿನ್ ಬಾಲಪೋರಿಯಾ ಹಳಬರು. ಬೇಸ್ ಗಿಟಾರು ಮತ್ತು ಡ್ರಮ್ಮಿನ ಮುಂದೆ ಹೊಸ ತರುಣರು. ಗ್ರಂಥಸಂಪಾದನೆಯ ಅಭ್ಯಾಸವಿರುವ ನನ್ನ ಕಿವಿ ಪ್ರತಿ ಹಾಡಿನಲ್ಲೂ ಪಾಠಾಂತರ ಹುಡುಕುತ್ತಿತ್ತು. ನಷ್ಟವಾದ ಗರಿಗಳನ್ನು ಬೇರೊಂದು ಕೈ ತುಂಬಿಕೊಟ್ಟ ಪ್ರತಿಯಂತೆ ಆ ಸಂಗೀತ ಕೇಳಿಸಿತು. ಹೊಸ ಹಾಡು ಶುರುವಾದಾಗ, "ಹಳೆಯದನ್ನು ಯಾವಾಗ ಹಾಡುತ್ತಾರೋ" ಎಂದೆ. ಗೆಳೆಯ ಕಣ್ಣು ತೆರೆಯದೆಯೇ ಹೇಳಿದ: "ಹಳತಕ್ಕೆ ಮನೆಯಲ್ಲಿ ಕ್ಯಾಸೆಟ್ ಉಂಟಲ್ಲ."

ಆ ಮಾತಿನ ಸತ್ಯ ಮುಂದೆ ಇನ್ನೊಂದು ಕಡೆಯಿಂದಲೂ ನನಗೆ ಸ್ಪಷ್ಟವಾಯಿತು. ಇಂಗ್ಲೆಂಡಿನಲ್ಲಿ 'ಶೂಗೇಜ್' ಎಂಬೊಂದು ಸಂಗೀತಪಂಥವುಂಟು. ಗಿಟಾರಿನ ದನಿಯನ್ನು ಬದಲಿಸುವ, ಕಾಲಿನಿಂದ ಒತ್ತುವ ಉಪಕರಣಗಳತ್ತ ತಲೆ ತಗ್ಗಿಸಿ ನಿಲ್ಲುವ ವಾದಕರನ್ನು ಕಂಡು, ಇವರು ತಮ್ಮ ಪಾದರಕ್ಷೆಯನ್ನೇ ನೋಡುವವರೆಂದು ಪತ್ರಿಕೆಗಳು ಹಾಸ್ಯಮಾಡಿದ್ದರಿಂದ ಬಂದ ಹೆಸರದು. ಆ ಪಂಥದ 'ಸ್ಲೋಡೈವ್' 1989ರಲ್ಲಿ ಹುಟ್ಟಿ, 1995ರಲ್ಲಿ ಒಡೆದು, 2014ರಲ್ಲಿ ಮರಳಿ ವೇದಿಕೆಯೇರಿತು. ಅದು 2017ರಲ್ಲಿ ಹೊಸ ಸಂಪುಟವನ್ನೇ ಕೊಟ್ಟಿತು. ನೆನಪು ಜನರನ್ನು ಸೇರಿಸಬಲ್ಲದು. ಸೇರಿದವರನ್ನು ಉಳಿಸುವುದು ಹೊಸ ಕೃತಿ.

ಮುಂಬಯಿಯ ಕನ್ನಡ ವಿಭಾಗ ಆರಂಭವಾದುದು 1978ರಲ್ಲಿ. ಇಲ್ಲಿ ಓದಿದವರು ಬ್ಯಾಂಕು, ಹೋಟೆಲು, ಶಾಲೆಗಳಲ್ಲಿ ಹಂಚಿಹೋಗಿದ್ದಾರೆ. ಅವರ ಮಕ್ಕಳಲ್ಲಿ ಹಲವರಿಗೆ ಕನ್ನಡ ಲಿಪಿ ಬಾರದು. ಇಂಥ ಸಂಭ್ರಮದ ಸಂಪುಟಗಳ ನೆಪದಲ್ಲಿ ನಾವು ಕೂಡುತ್ತೇವೆ, ಗುರುಗಳನ್ನು ನೆನೆಯುತ್ತೇವೆ. ಅದು ಆಗಲೇಬೇಕಾದ ಋಣಸಂದಾಯ. ಆದರೆ ಹಳತಕ್ಕೆ ಗ್ರಂಥಾಲಯವುಂಟು. ಈ ನಗರದ ಲೋಕಲ್ ರೈಲಿನಲ್ಲಿ, ನಾಲ್ಕು ಭಾಷೆಗಳ ನಡುವೆ ಕನ್ನಡ ಇಂದು ಏನನ್ನು ಹೇಳಬಲ್ಲದು ಎಂಬುದನ್ನು ಬರೆಯುವ ತರುಣರಿಗೆ, ಅಂದಿನ ಆ ತಂಡದಂತೆ, ನಾವು ಹಳಬರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡಬೇಕಾಗಿದೆ.