ನೀಲಿ ಬೆಳಕು ಮತ್ತು ಒಂದು ಕೆಂಪು ಗೆರೆ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಶಾಲೆಗಳಲ್ಲಿ 36 ವರ್ಷ ಪಾಠ ಹೇಳಿದವನು ನಾನು. ಚಿತ್ರಮಂದಿರದ ಮೆಟ್ಟಿಲು ಹತ್ತಿದ್ದು ಕಡಿಮೆ. ಇಡಗುಂಜಿ ಮೇಳದ ಆಟ ಇದ್ದರೆ ಬೆಳಗಿನವರೆಗೆ ಕುಳಿತಿರುತ್ತಿದ್ದೆ. ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಅಂಥವನು ಒಂದು ಇಂಗ್ಲಿಷ್ ಸಿನಿಮಾದ ವಿಷಯ ಬರೆಯಹೊರಟದ್ದು ನಿಮಗೆ ಸೋಜಿಗವೆನಿಸಬಹುದು. ಇದು ಸಿನಿಮಾ ವಿಮರ್ಶೆಯಲ್ಲ, ಒಂದು ತಪ್ಪೊಪ್ಪಿಗೆ.

2010ರ ಜನವರಿಯಲ್ಲಿ ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಜೇಮ್ಸ್ ಕ್ಯಾಮರಾನ್ ನಿರ್ದೇಶಿಸಿದ ‘ಅವತಾರ್’ ಹಿಂದಿನ ತಿಂಗಳಷ್ಟೇ, 2009ರ ಡಿಸೆಂಬರ್ 18ರಂದು, ತೆರೆಗೆ ಬಂದಿತ್ತು. "ಅಪ್ಪಾ, ಇದನ್ನು ನೋಡಲೇಬೇಕು" ಎಂದು ಮಗ ಕರೆದೊಯ್ದ. ನನ್ನ ಕನ್ನಡಕದ ಮೇಲೆಯೇ ಇನ್ನೊಂದು ತ್ರೀಡಿ ಕನ್ನಡಕ ಏರಿಸಿಕೊಂಡು ಕುಳಿತೆ.

ಕಥೆ ಸರಳವಾದದ್ದು. ಕ್ರಿ.ಶ. 2154ರಲ್ಲಿ ಮನುಷ್ಯರು ಪಂಡೋರಾ ಎಂಬ ದೂರದ ಉಪಗ್ರಹಕ್ಕೆ ಅದಿರಿನ ಆಸೆಯಿಂದ ಹೋಗುತ್ತಾರೆ. ಅಲ್ಲಿ ಕಾಡನ್ನೇ ದೇವರೆಂದು ನಂಬಿದ ನೀಲಿ ಮೈಯ ಎತ್ತರದ ಜನರಿದ್ದಾರೆ. ನೀಲಮೇಘಶ್ಯಾಮನನ್ನು ಕಂಡು ಬೆಳೆದ ನಮಗೆ ನೀಲಿ ಮೈ ಹೊಸದೇನಲ್ಲ. ತೇಲುವ ಬೆಟ್ಟಗಳನ್ನೂ ಹಾರುವ ಪ್ರಾಣಿಗಳನ್ನೂ ಕಂಡು ಬೆರಗಾದೆನಾದರೂ ಅಲುಗಾಡಲಿಲ್ಲ. ಆದರೆ ಕತ್ತಲಾದ ಮೇಲೆ ಆ ಕಾಡು ತಾನಾಗಿಯೇ ಬೆಳಗತೊಡಗಿತು. ನಡೆಯುವವರ ಪಾದ ಸೋಕಿದಲ್ಲೆಲ್ಲ ನೆಲ ಹೊಳೆಯುತ್ತಿತ್ತು. ಆಗ ನನ್ನ ಎದೆ ಧಸಕ್ಕೆಂದಿತು. ಈ ಮಾತನ್ನು ನಾನು ಹಿಂದೆ ಓದಿದ್ದೆ. ಓದಿದ್ದಷ್ಟೇ ಅಲ್ಲ, ಹೊಡೆದುಹಾಕಿದ್ದೆ.

1984ರ ಮಾತು. ಶರಾವತಿಯ ಅಳಿವೆಗೆ ಸಮೀಪದ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ‘ನಾನು ಕಂಡ ಕಡಲು’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಮೀನುಗಾರರ ಮನೆಯ ಹುಡುಗನೊಬ್ಬ ಬರೆದಿದ್ದ: ಅಮಾವಾಸ್ಯೆ ರಾತ್ರಿ ಅಪ್ಪನ ಜೊತೆ ದೋಣಿಯಲ್ಲಿ ಹೋದೆ, ಹುಟ್ಟು ಮುಟ್ಟಿದರೆ ನೀರು ನೀಲಿಯಾಗಿ ಹೊತ್ತಿಕೊಳ್ಳುತ್ತದೆ, ಬಲೆಯಲ್ಲಿ ಮೀನು ಹೊರಳಿದರೆ ಬೆಂಕಿ ಹೊರಳಿದ ಹಾಗೆ ಕಾಣುತ್ತದೆ. ನಾನು ಕೆಂಪು ಶಾಯಿಯಲ್ಲಿ ಆ ಸಾಲುಗಳಿಗೆ ಗೆರೆ ಎಳೆದು ‘ಕಂಡದ್ದನ್ನು ಬರೆಯಬೇಕು, ಕಲ್ಪಿಸಿದ್ದನ್ನಲ್ಲ’ ಎಂದು ಷರಾ ಬರೆದೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಅಷ್ಟು ಸಾಲದೆಂದು ತರಗತಿಯಲ್ಲಿ ಓದಿ ನಗಿಸಿದೆ. "ಸುಳ್ಳಲ್ಲ ಮಾಸ್ತರೇ" ಎಂದನೊಮ್ಮೆ. ಮತ್ತೆ ಮಾತಾಡಲಿಲ್ಲ. ಆ ವರ್ಷ ಮುಗಿಯುವ ತನಕ ಅವನ ಪ್ರಬಂಧಗಳು ನಾಲ್ಕೈದು ಸಾಲು ದಾಟಲಿಲ್ಲ.

ಬೆಂಗಳೂರಿನಿಂದ ಮರಳಿದವನು ಕಾಸರಕೋಡಿನ ಹಿರಿಯ ಮೀನುಗಾರರೊಬ್ಬರನ್ನು ಕೇಳಿದೆ. ಅವರು ನಕ್ಕರು. "ಇದನ್ನ ಕಾಣದವರು ಯಾರು ಮಾಸ್ತರೇ?" ಎಂದರು. ಮುಂದಿನ ಅಮಾವಾಸ್ಯೆಗೆ ತಮ್ಮ ದೋಣಿಯಲ್ಲೇ ಕೂರಿಸಿಕೊಂಡು ಹೋದರು. ದಡದ ದೀಪಗಳು ಹಿಂದೆ ಸರಿದ ಮೇಲೆ ನೀರಿಗೆ ಕೈ ಅದ್ದಿದೆ. ಬೆರಳ ಸಂದುಗಳಲ್ಲಿ ನೀಲಿ ಕಿಡಿಗಳು ಹರಿದವು. ಕೈ ತೆಗೆದರೆ ಕತ್ತಲು, ಅದ್ದಿದರೆ ಬೆಳಕು. ಆ ಹುಡುಗ ಒಂದಕ್ಷರವನ್ನೂ ಹೆಚ್ಚಿಗೆ ಬರೆದಿರಲಿಲ್ಲ.

ವಿಜ್ಞಾನ ಇದಕ್ಕೆ ಜೈವಿಕ ದೀಪ್ತಿ ಎನ್ನುತ್ತದೆ. ನಮ್ಮ ಕಡಲಲ್ಲಿ ಇದಕ್ಕೆ ಮುಖ್ಯ ಕಾರಣ ನಾಕ್ಟಿಲುಕ ಎಂಬ ಏಕಕೋಶ ಜೀವಿ. ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ನೀರು ಕದಡಿದಾಗ ಅದರೊಳಗಿನ ರಾಸಾಯನಿಕ ಕ್ರಿಯೆಯಿಂದ ಕ್ಷಣಮಾತ್ರ ಬೆಳಕು ಹೊಮ್ಮುತ್ತದೆ. 2020ರ ನವೆಂಬರಿನಲ್ಲಿ ಕರಾವಳಿಯ ಅಲೆಗಳು ನೀಲಿಯಾಗಿ ಮಿಂಚಿದಾಗ ಜನ ಮುಗಿಬಿದ್ದು ನೋಡಿದ್ದು ನಿಮಗೆ ನೆನಪಿರಬಹುದು. ಕ್ಯಾಮರಾನ್ ಕೂಡ ಕಡಲಿಗಿಳಿದ ಮನುಷ್ಯನೇ. 2012ರ ಮಾರ್ಚ್ 26ರಂದು ಒಬ್ಬನೇ ಮರಿಯಾನಾ ಕಂದಕದ ತಳಕ್ಕೆ, ಸುಮಾರು 10.9 ಕಿಲೋಮೀಟರು ಆಳಕ್ಕೆ, ಹೋಗಿಬಂದವನು. ಪಂಡೋರಾದ ಬೆಳಕನ್ನು ಅವನು ತಂದದ್ದು ಅಂತರಿಕ್ಷದಿಂದಲ್ಲ, ನಮ್ಮದೇ ಭೂಮಿಯ ಕಡಲಿನಿಂದ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಆಸ್ಟ್ರೇಲಿಯದ ಹವಳದ ದಿಬ್ಬಗಳನ್ನು ನಕ್ಷೆಯಲ್ಲಿ ತೋರಿಸಿದೆ. ಭಟ್ಕಳ ತಾಲೂಕಿನ ನೇತ್ರಾಣಿಯ ಸುತ್ತಲೂ ಹವಳವಿದೆಯೆಂದು ಹೇಳಲಿಲ್ಲ. ಭತ್ತಕ್ಕೆ ಸಿಹಿನೀರು ಬೇಕೆಂದು ಬರೆಸಿದೆ. ಕುಮಟಾದ ಮಾಣಿಕಟ್ಟಾದ ಗಜನಿಯಲ್ಲಿ ಉಪ್ಪುನೀರು ತಾಳಿ ಬೆಳೆಯುವ ಕಗ್ಗ ಭತ್ತ ಎದುರಿನ ಮಕ್ಕಳ ಮನೆಯ ಪಣತದಲ್ಲೇ ಇತ್ತು. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟೆ. ಅದರ ದಡದ ಮಕ್ಕಳನ್ನು ‘ನಿಮ್ಮ ಹೊಳೆಯಲ್ಲಿ ಏನೇನಿದೆ?’ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಪುಸ್ತಕದಲ್ಲಿಲ್ಲದ್ದು ಸುಳ್ಳು ಎಂಬುದು ನನ್ನ ಅಜ್ಞಾನ. ಅದನ್ನೇ ಶಿಸ್ತು ಎಂದುಕೊಂಡಿದ್ದೆ.

2022ರ ಡಿಸೆಂಬರಿನಲ್ಲಿ ‘ಅವತಾರ್’ನ ಎರಡನೆಯ ಭಾಗ ಕನ್ನಡದಲ್ಲೂ ಬಂತು. ಮೊಮ್ಮಗಳ ಜೊತೆ ಹೋದೆ. ಈ ಸಲದ ಕಥೆ ಕಡಲಿನದೇ. "ಅಜ್ಜಾ, ಇದೆಲ್ಲ ನಿಜವಾಗಿ ಇರ್ತದಾ?" ಎಂದು ಅವಳು ಕಿವಿಯಲ್ಲಿ ಕೇಳಿದಳು. ಊರಿಗೆ ಬಾ, ತೋರಿಸುತ್ತೇನೆ ಎಂದೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಇದನ್ನು ಓದುವ ಅವನ ಸಹಪಾಠಿಗಳಿಗೆ ಅವನ ನೆನಪಿರಬಹುದು. ನಕ್ಕವರಲ್ಲಿ ನೀವೂ ಇದ್ದಿರಿ. ಭೇಟಿಯಾದರೆ ಇಷ್ಟು ತಿಳಿಸಿ: ತಪ್ಪು ಅವನದಲ್ಲ, ಮಾಸ್ತರದು. ಒಮ್ಮೆ ಮನೆಗೆ ಬರಲಿ. ಅಂದು ಬರೆಯದೆ ಬಿಟ್ಟದ್ದು ಏನಾದರೂ ಇದ್ದರೆ ಹೇಳಲಿ. ಕೇಳಲು ನನಗೀಗ ಪುರುಸೊತ್ತಿದೆ.